ಪ್ರಯೋಗಶಾಲೆಯ ದತ್ತಾಂಶಕ್ಕೆ ಎರಡನೆಯ ಮನೆ



ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಮಾರ್ಗದರ್ಶನದಲ್ಲಿ ವಿಶ್ವಕಿರಣಗಳನ್ನು ಅಧ್ಯಯನ ಮಾಡಿದ ವಿಕ್ರಮ್ ಸಾರಾಭಾಯಿ ಅವರು 1947ರಲ್ಲಿ ತಮ್ಮ ಹುಟ್ಟೂರಾದ ಅಹಮದಾಬಾದಿನಲ್ಲಿ ಭೌತ ಸಂಶೋಧನಾ ಪ್ರಯೋಗಾಲಯವನ್ನು ಸ್ಥಾಪಿಸಿದರು. ಉದಯಪುರದ ಸೌರ ವೀಕ್ಷಣಾಲಯವೂ ಮೌಂಟ್ ಅಬುವಿನ ದೂರದರ್ಶಕಗಳೂ ಇಂದು ಈ ಸಂಸ್ಥೆಗೆ ಸೇರಿವೆ. ರಸಾಯನಶಾಲೆಯ ಪ್ರಯೋಗವೊಂದು ಕೆಟ್ಟರೆ ಅದನ್ನು ಪುನಃ ನಡೆಸಬಹುದು. ಆದರೆ ಸೂರ್ಯನಲ್ಲಿ ಒಮ್ಮೆ ಸ್ಫೋಟಗೊಂಡ ಜ್ವಾಲೆಯನ್ನು ಪುನಃ ಕಾಣುವಂತಿಲ್ಲ. ಆ ವೀಕ್ಷಣೆಯ ದಾಖಲೆ ಅಳಿದರೆ ನಷ್ಟ ಶಾಶ್ವತ.

ಇಂತಹ ದಾಖಲೆಗಳ ರಕ್ಷಣೆಗೆ ಇಂದು ಜಾಲಸಂಪರ್ಕಿತ ಸಂಗ್ರಹಯಂತ್ರಗಳು ಬಳಕೆಯಲ್ಲಿವೆ. ಇದು ಹಲವು ಡಿಸ್ಕ್‌ಗಳನ್ನು ಒಳಗೊಂಡ ಒಂದು ಪೆಟ್ಟಿಗೆ. ಪ್ರಯೋಗಶಾಲೆಯ ಗಣಕಯಂತ್ರಗಳೆಲ್ಲವೂ ತಮ್ಮ ದತ್ತಾಂಶವನ್ನು ಜಾಲದ ಮೂಲಕ ಇದರಲ್ಲಿ ದಾಖಲಿಸುತ್ತವೆ. ಒಂದೇ ಮಾಹಿತಿಯನ್ನು ಎರಡು ಡಿಸ್ಕ್‌ಗಳಲ್ಲಿ ಬರೆಯುವ ಏರ್ಪಾಡಿದ್ದರೆ, ಒಂದು ಕೆಟ್ಟರೂ ಕೆಲಸ ನಿಲ್ಲುವುದಿಲ್ಲ.

ಆದರೆ ಇಷ್ಟರಿಂದಲೇ ದತ್ತಾಂಶ ಸುರಕ್ಷಿತವಾಯಿತೆಂದು ಭಾವಿಸುವುದು ತಪ್ಪು. ಕೈತಪ್ಪಿ ಕಡತವೊಂದನ್ನು ಅಳಿಸಿದರೆ ಅದು ಎರಡೂ ಡಿಸ್ಕ್‌ಗಳಿಂದ ಏಕಕಾಲದಲ್ಲಿ ಅಳಿಯುತ್ತದೆ. ಬೆಂಕಿಯಾಗಲಿ ನೀರಾಗಲಿ ಡಿಸ್ಕ್‌ಗಳನ್ನು ಎಣಿಸಿ ಬರುವುದಿಲ್ಲ, ಪೆಟ್ಟಿಗೆಯನ್ನೇ ನುಂಗುತ್ತದೆ.

ಗುಜರಾತಿನ ಮೂರು ನಗರಗಳ ಅನುಭವವನ್ನೇ ನೋಡಿ. 2001ರ ಜನವರಿ 26ರಂದು ಭೂಕಂಪದ ಕೇಂದ್ರ ದೂರದ ಕಚ್ಛ್‌ನಲ್ಲಿದ್ದರೂ ಅಹಮದಾಬಾದಿನಲ್ಲಿ ಅನೇಕ ಬಹುಮಹಡಿ ಕಟ್ಟಡಗಳು ಕುಸಿದವು. 2006ರ ಆಗಸ್ಟ್‌ನಲ್ಲಿ ಉಕಾಯಿ ಅಣೆಕಟ್ಟಿನಿಂದ ಹರಿದ ತಾಪಿಯ ನೀರು ಸೂರತ್ ನಗರದ ಬಹುಭಾಗವನ್ನು ಮುಳುಗಿಸಿತು. 2024ರ ಆಗಸ್ಟ್‌ನಲ್ಲಿ ವಿಶ್ವಾಮಿತ್ರಿ ನದಿ ಉಕ್ಕಿ ವಡೋದರದ ಬಡಾವಣೆಗಳನ್ನು ಹೊಕ್ಕಿತು. ನೆಲಮಹಡಿಯ ಕೋಣೆಯಲ್ಲಿರುವ ಏಕೈಕ ಸಂಗ್ರಹಯಂತ್ರಕ್ಕೆ ಇಂತಹ ದಿನಗಳಲ್ಲಿ ರಕ್ಷಣೆಯೆಲ್ಲಿ?

ಆದ್ದರಿಂದ ದತ್ತಾಂಶಕ್ಕೆ ಮೂರು ಪ್ರತಿಗಳಿರಬೇಕು, ಅವು ಎರಡು ಬಗೆಯ ಮಾಧ್ಯಮಗಳಲ್ಲಿರಬೇಕು, ಒಂದು ಪ್ರತಿಯಾದರೂ ಪರಸ್ಥಳದಲ್ಲಿರಬೇಕು ಎಂಬುದು ತಜ್ಞರು ಒಪ್ಪಿದ ನಿಯಮ. ಸೂರತ್‌ನ ಪ್ರಯೋಗಶಾಲೆಯ ಪ್ರತಿಯೊಂದು ಅಹಮದಾಬಾದಿನಲ್ಲಿದ್ದರೆ ತಾಪಿಯ ಪ್ರವಾಹ ಅದನ್ನು ತಲುಪಲಾರದು. ಇನ್ನೊಂದು ಬೆಂಗಳೂರಿನಲ್ಲಿದ್ದರೆ ಮತ್ತಷ್ಟು ಕ್ಷೇಮ. 2010ರಲ್ಲಿ ಕೇಂದ್ರ ಸರ್ಕಾರದ ಅನುಮೋದನೆ ಪಡೆದ ರಾಷ್ಟ್ರೀಯ ಜ್ಞಾನ ಜಾಲವು ವಿಶ್ವವಿದ್ಯಾಲಯಗಳನ್ನೂ ಸಂಶೋಧನಾ ಸಂಸ್ಥೆಗಳನ್ನೂ ವೇಗದ ಸಂಪರ್ಕದಿಂದ ಜೋಡಿಸಿರುವುದರಿಂದ, ಇಂತಹ ಪರಸ್ಪರ ಸಹಕಾರ ಇಂದು ಕಷ್ಟಸಾಧ್ಯವೇನಲ್ಲ.

ಒಂದು ಎಚ್ಚರಿಕೆಯನ್ನು ಮರೆಯಬಾರದು. ಗಣಕಯಂತ್ರದ ಕಡತಗಳನ್ನು ಬೀಗ ಹಾಕಿ ಹಣ ಕೇಳುವ ದುಷ್ಟ ತಂತ್ರಾಂಶಗಳು ಜಾಲದ ಮೂಲಕವೇ ಹರಡುತ್ತವೆ. ಆದುದರಿಂದ ಒಂದು ಪ್ರತಿಯನ್ನು ಜಾಲದಿಂದ ಬಿಡಿಸಿ ಇಡುವುದು ಅಗತ್ಯ. ಹಾಗೆಯೇ, ಪ್ರತಿಯಿಂದ ದತ್ತಾಂಶವನ್ನು ಮರಳಿ ಪಡೆಯಲು ಸಾಧ್ಯವೇ ಎಂಬುದನ್ನು ಆಗಾಗ ಪರೀಕ್ಷಿಸಬೇಕು. ತೆರೆದು ನೋಡದ ಪ್ರತಿ ಕೇವಲ ನಂಬಿಕೆ, ರಕ್ಷಣೆಯಲ್ಲ.

ನಮ್ಮ ಹಿರಿಯರು ಬಿತ್ತನೆಯ ಬೀಜವನ್ನೆಲ್ಲ ಒಂದೇ ಕಣಜದಲ್ಲಿ ತುಂಬುತ್ತಿರಲಿಲ್ಲ. ಸಾರ್ವಜನಿಕರ ಹಣದಿಂದ ಸಂಗ್ರಹವಾದ ದತ್ತಾಂಶವೂ ಮುಂದಿನ ಪೀಳಿಗೆಯ ಬೀಜ. ಅದಕ್ಕೆ ಎರಡನೆಯ ಮನೆಯನ್ನು ಮಳೆಗಾಲಕ್ಕೆ ಮುನ್ನವೇ ಕಟ್ಟೋಣ.