ಇಬ್ಬರ ನಡುವಿನ ತೋಳ



'ತೋಳ ಬಂತು ತೋಳ' ಎಂದು ಸುಳ್ಳು ಕೂಗಿದ ಕುರಿಗಾಹಿ ಹುಡುಗನ ಕತೆ ನಿಮಗೆಲ್ಲ ಗೊತ್ತು. ಅಲ್ಲಿ ತೋಳಕ್ಕೆ ಒಂದೇ ಅರ್ಥ: ಅಪಾಯ. ಆದರೆ ಒಳ್ಳೆಯ ಕಾದಂಬರಿಯಲ್ಲಿ ಸಂಕೇತವು ಕತೆಯ ಜೊತೆಗೆ ಬೆಳೆಯುತ್ತದೆ. ಅಮೆರಿಕದ ಲೇಖಕಿ ಕ್ಯಾರಲ್ ರಿಫ್ಕಾ ಬ್ರಂಟ್ ಅವರ ಮೊದಲ ಕಾದಂಬರಿ 'ಟೆಲ್ ದ ವುಲ್ವ್ಸ್ ಐ ಆಮ್ ಹೋಮ್' ಇದಕ್ಕೆ ಒಳ್ಳೆಯ ಉದಾಹರಣೆ. 2012ರಲ್ಲಿ ಪ್ರಕಟವಾದ ಈ ಕೃತಿಯ ಹೆಸರಿನ ಅರ್ಥ, 'ನಾನು ಮನೆಗೆ ಬಂದಿದ್ದೇನೆಂದು ತೋಳಗಳಿಗೆ ತಿಳಿಸಿ' ಎಂದು.

ಕತೆ ನಡೆಯುವುದು 1987ರಲ್ಲಿ, ನ್ಯೂಯಾರ್ಕ್ ನಗರದಲ್ಲಿ ಮತ್ತು ಅದರ ಹೊರವಲಯದಲ್ಲಿ. ಜೂನ್ ಹದಿನಾಲ್ಕು ವರ್ಷದ ಹುಡುಗಿ. ಗ್ರೆಟಾ ಅವಳ ಅಕ್ಕ. ಸೋದರಮಾವ ಫಿನ್ ಹೆಸರಾಂತ ಚಿತ್ರಕಾರ. ಜೂನ್‌ಗೆ ಅವನೆಂದರೆ ಪ್ರಾಣ. ಏಡ್ಸ್‌ನಿಂದ ಸಾಯುತ್ತಿರುವ ಅವನು ಅಕ್ಕತಂಗಿಯರಿಬ್ಬರನ್ನೂ ಕೂರಿಸಿಕೊಂಡು ತನ್ನ ಕೊನೆಯ ಚಿತ್ರವನ್ನು ಬರೆಯುತ್ತಾನೆ. ಕಾದಂಬರಿಯ ಹೆಸರೇ ಆ ಚಿತ್ರದ ಹೆಸರು.

ಆ ಕಾಲವನ್ನು ಸ್ವಲ್ಪ ನೆನೆಯಬೇಕು. ಏಡ್ಸ್‌ಗೆ ಮೊದಲ ಔಷಧಿಯಾದ ಎ.ಜೆಡ್.ಟಿ.ಗೆ ಅಮೆರಿಕದಲ್ಲಿ ಒಪ್ಪಿಗೆ ದೊರೆತದ್ದೇ 1987ರ ಮಾರ್ಚ್‌ನಲ್ಲಿ. ಮುಟ್ಟುವುದರಿಂದ ಈ ರೋಗ ಹರಡುವುದಿಲ್ಲವೆಂದು ವೈದ್ಯರು ಹೇಳುತ್ತಿದ್ದರೂ ಜನರ ಹೆದರಿಕೆ ಹೋಗಿರಲಿಲ್ಲ. ಇಂದು ನಿಯಮಿತ ಚಿಕಿತ್ಸೆ ಪಡೆದವರು ದೀರ್ಘಕಾಲ ಬಾಳುತ್ತಾರೆ. ಅಂದು ರೋಗದ ಜೊತೆಗೆ ನಾಚಿಕೆಯೂ ಮನೆಯೊಳಗೆ ಬರುತ್ತಿತ್ತು. ಸತ್ತವನಿಗಾಗಿ ಬಾಯಿಬಿಟ್ಟು ಅಳುವುದೂ ಕಷ್ಟವಾಗಿತ್ತು.

ಕಾದಂಬರಿಯ ತಿರುಳಿರುವುದು ಇಲ್ಲಿಯೇ. ಫಿನ್‌ಗೆ ಟೋಬಿ ಎಂಬ ಬಾಳ ಸಂಗಾತಿ ಇದ್ದ. ಅವನನ್ನು ಮಕ್ಕಳ ಕಣ್ಣಿಗೆ ಬೀಳಿಸಕೂಡದು ಎಂಬುದು ತಾಯಿ ಹಾಕಿದ್ದ ಕಟ್ಟಳೆ. ಫಿನ್ ತೀರಿಕೊಂಡ ಮೇಲೆ, ರೋಗ ತಂದವನು ಟೋಬಿಯೇ ಎಂದು ಮನೆಯವರು ದೂರುತ್ತಾರೆ. ಅಂತ್ಯಕ್ರಿಯೆಯ ದಿನವೂ ಅವನು ಹೊರಗೇ ನಿಲ್ಲಬೇಕಾಗುತ್ತದೆ. ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವನಿಗೆ ದುಃಖಪಡುವ ಹಕ್ಕೇ ಇಲ್ಲ! ಜೂನ್ ಮನೆಯವರಿಗೆ ತಿಳಿಯದಂತೆ ಅವನನ್ನು ಕಾಣಲು ಹೋಗುತ್ತಾಳೆ. ಮಾವನವೆಂದು ತಾನು ಪ್ರೀತಿಸಿದ್ದ ಎಷ್ಟೋ ಸಣ್ಣಪುಟ್ಟ ವಸ್ತುಗಳು ಟೋಬಿಯವೆಂದು ತಿಳಿದಾಗ ಅವಳಿಗೆ ಹೊಟ್ಟೆಕಿಚ್ಚೂ ಆಗುತ್ತದೆ, ಸಾಂತ್ವನವೂ ಸಿಗುತ್ತದೆ.

ಇನ್ನು ತೋಳದ ಮಾತು. ಜೂನ್ ಶಾಲೆಯ ಹಿಂದಿನ ಕಾಡಿಗೆ ಒಬ್ಬಳೇ ಹೋಗಿ, ತಾನು ಮಧ್ಯಯುಗದಲ್ಲಿ ಇದ್ದೇನೆಂದು ಕಲ್ಪಿಸಿಕೊಳ್ಳುತ್ತಾಳೆ. ಅಲ್ಲಿ ಅವಳಿಗೆ ಊಳಿಡುವ ದನಿ ಕೇಳಿಸುತ್ತದೆ. ನ್ಯೂಯಾರ್ಕ್ ಪ್ರಾಂತದ ಕಾಡುಗಳಿಂದ ತೋಳಗಳು ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೇ ಮರೆಯಾಗಿದ್ದವು. ಆದರೂ ಅವಳು ಅವುಗಳಿಗೆ ಕಿವಿಗೊಡುತ್ತಾಳೆ. ಈ ಮೊದಲ ತೋಳ ಹೊರಗಿನದು. ಭಯವೂ ಹೌದು, ಸೆಳೆತವೂ ಹೌದು.

ಎರಡನೆಯ ತೋಳ ಚಿತ್ರದಲ್ಲಿದೆ. ಚಿತ್ರದಲ್ಲಿ ಬರೆದ ವಸ್ತುವಿನಷ್ಟೇ ಅದರ ಸುತ್ತಲಿನ ಖಾಲಿ ಜಾಗವನ್ನೂ ನೋಡಬೇಕೆಂದು ಫಿನ್ ಜೂನ್‌ಗೆ ಕಲಿಸಿರುತ್ತಾನೆ. ಎರಡು ಕೊಡಗಳನ್ನು ಪಕ್ಕಪಕ್ಕ ಇಟ್ಟು ನೋಡಿ: ನಡುವೆ ಉಳಿದ ಬೆಳಕಿಗೂ ಒಂದು ಆಕಾರವಿರುತ್ತದೆ. ಹಾಗೆ ನೋಡಿದಾಗ ಆ ಚಿತ್ರದ ಖಾಲಿ ಜಾಗದಲ್ಲಿ ತೋಳದ ರೂಪ ಕಾಣುತ್ತದೆ.

ಯಾರು ಈ ತೋಳ? ಮನೆಯವರನ್ನು ಕೇಳಿದರೆ ಟೋಬಿ ಎಂದಾರು. ನನಗೆ ಹಾಗೆ ತೋರುವುದಿಲ್ಲ. ಒಂದು ಕಾಲಕ್ಕೆ ಗ್ರೆಟಾ ಮತ್ತು ಜೂನ್ ಬಿಟ್ಟಿರಲಾರದ ಅಕ್ಕತಂಗಿಯರು. ಜೂನ್ ಮಾವನತ್ತ ವಾಲಿದ ಮೇಲೆ ಗ್ರೆಟಾ ಒಂಟಿಯಾದಳು. ಆ ನೋವು ಚುಚ್ಚುಮಾತಾಗಿ ಹೊರಬಂತು. ತಾಯಿಗೂ ತಾನು ಚಿತ್ರಕಲೆಯನ್ನು ಬಿಟ್ಟ ಕೊರಗು, ಒಡಹುಟ್ಟಿದವನು ದೂರವಾದ ಸಂಕಟ. ಅದು ಸಿಟ್ಟಾಗಿ ಟೋಬಿಯ ಮೇಲೆ ಎರಗಿತು. ಹೇಳಿಕೊಳ್ಳಲಾಗದ ದುಃಖ ಇಬ್ಬರ ನಡುವಿನ ಖಾಲಿ ಜಾಗದಲ್ಲಿ ಹೊಂಚುತ್ತದೆ. ಅದೇ ಆ ತೋಳ.

ಕೊನೆಯಲ್ಲಿ ಸಾವಿನಂಚಿನಲ್ಲಿರುವ ಟೋಬಿಯನ್ನು ಜೂನ್ ತನ್ನ ಮನೆಗೇ ಕರೆತರುತ್ತಾಳೆ. ಯಾರನ್ನು ಹೊಸ್ತಿಲಾಚೆ ನಿಲ್ಲಿಸಿದ್ದರೋ ಅವನು ಆ ಮನೆಯಲ್ಲಿಯೇ ಕಣ್ಮುಚ್ಚುತ್ತಾನೆ. ಆಗ ಕೃತಿಯ ಹೆಸರಿನ ಅರ್ಥ ತಿರುಗುತ್ತದೆ. ಮನೆ ಸೇರುವುದೆಂದರೆ ತೋಳಗಳಿಂದ ಅಡಗಿಕೊಳ್ಳುವುದಲ್ಲ. ನಾನು ಇಲ್ಲಿದ್ದೇನೆ ಎಂದು ಅವಕ್ಕೆ ತಿಳಿಸುವುದು. ಜೂನ್ ದೊಡ್ಡವಳಾಗುವುದು ಇಲ್ಲಿ: ತನ್ನ ದುಃಖ ಒಂದೇ ದುಃಖವಲ್ಲ ಎಂದು ಅವಳು ಅರಿತಾಗ.

ಮಿತ್ರರೇ, ಪರೀಕ್ಷೆಯಲ್ಲಿ 'ತೋಳ ಯಾವುದರ ಸಂಕೇತ?' ಎಂದು ಕೇಳಿದರೆ ಒಂದೇ ಪದದಲ್ಲಿ ಉತ್ತರ ಬರೆಯಬೇಡಿ. ಅದು ಎಲ್ಲೆಲ್ಲಿ ಬರುತ್ತದೆ, ಪ್ರತಿ ಸಲ ಯಾರ ಬಳಿ ನಿಲ್ಲುತ್ತದೆ ಎಂದು ಗುರುತು ಹಾಕಿಕೊಳ್ಳಿ. ನಿಮಗೆ ನನಗಿಂತ ಬೇರೆಯ ಅರ್ಥ ಹೊಳೆದರೆ, ಪುಟ ತೋರಿಸಿ ವಾದಿಸಿ. ಮತ್ತು ನಿಮ್ಮ ಮನೆಯಲ್ಲಿ ಯಾರಾದರೂ ಕಾರಣವಿಲ್ಲದೆ ಸಿಡುಕುತ್ತಿದ್ದರೆ, ಆ ಸಿಡುಕಿನ ಹಿಂದೆ ಹೇಳಲಾಗದ ಅಳು ಇದೆಯೇ ಎಂದು ಒಂದು ಕ್ಷಣ ನೋಡಿ.