ಬಳುವಳಿಯಾಗಿ ಬಂದ ಜ್ವರ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಕಡೆ ಸಂಬಂಧ ಬೆಳೆಸುವ ಮುಂಚೆ ಮನೆತನದಲ್ಲಿ ಏನಾದರೂ ಬ್ಯಾನಿ ಉಂಟೇ ಎಂದು ವಿಚಾರಿಸುವುದುಂಟು. 'ಅವರ ರಕ್ತದಾಗs ಐತಿ' ಎಂಬ ಒಂದು ಮಾತು ಬಿದ್ದರೆ ಸಾಕು, ಸಂಬಂಧ ಮುರಿಯುತ್ತದೆ. ಆದರೆ ರೋಗದ ವಂಶವಾಹಿ ಮೈಯಲ್ಲಿರುವುದು ಬೇರೆ, ಅದು ರೋಗವಾಗಿ ಕಾಡುವುದು ಬೇರೆ. ಇದಕ್ಕೆ ಒಳ್ಳೆಯ ಸಾಕ್ಷಿ ಆರ್ಮೇನಿಯನ್ನರಲ್ಲಿ ಹೆಚ್ಚಾಗಿ ಕಾಣುವ ಕೌಟುಂಬಿಕ ಮೆಡಿಟರೇನಿಯನ್ ಜ್ವರ. ಬಹುಮಟ್ಟಿಗೆ ಚಿಕ್ಕ ವಯಸ್ಸಿನಲ್ಲೇ ಶುರುವಾಗುವ ಈ ರೋಗದಲ್ಲಿ ಇದ್ದಕ್ಕಿದ್ದಂತೆ ಜ್ವರ ಏರುತ್ತದೆ, ಹೊಟ್ಟೆ ಮುಟ್ಟಗೊಡದಷ್ಟು ನೋಯುತ್ತದೆ, ಎದೆ ಹಿಡಿಯುತ್ತದೆ, ಕೀಲು ಬಾಯುತ್ತದೆ. ಒಂದರಿಂದ ಮೂರು ದಿನದಲ್ಲಿ ತಾನಾಗಿ ಇಳಿದು, ಮತ್ತೆ ಮರಳುತ್ತದೆ. ಅಪೆಂಡಿಕ್ಸ್ ಎಂದು ತಿಳಿದು ಆಪರೇಷನ್ ಮಾಡಿದ ಉದಾಹರಣೆಗಳೂ ಉಂಟು.

ಇಲ್ಲಿ ಸೋಂಕೇ ಇಲ್ಲ. 1997ರಲ್ಲಿ ಗುರುತಿಸಿದ ಎಂಇಎಫ್‌ವಿ ಎಂಬ ವಂಶವಾಹಿ ಪೈರಿನ್ ಎಂಬ ಪ್ರೋಟೀನನ್ನು ತಯಾರಿಸುತ್ತದೆ. ಈ ವಂಶವಾಹಿ ನಮ್ಮ ಬಹುತೇಕ ಎಲ್ಲ ಜೀವಕೋಶಗಳಲ್ಲೂ ಇದೆ, ಆದರೆ ದುಡಿಯುವುದು ಮುಖ್ಯವಾಗಿ ಬಿಳಿ ರಕ್ತಕಣಗಳಲ್ಲಿ. ಪೈರಿನ್ ಊರ ಕಾವಲುಗಾರನಿದ್ದಂತೆ: ರೋಗಾಣುವಿನ ಕೈವಾಡ ಕಂಡರೆ ಎಚ್ಚರಿಸಿ ಉರಿಯೂತ ಎಬ್ಬಿಸುತ್ತದೆ. ವಂಶವಾಹಿಯಲ್ಲಿ ತಿದ್ದುಪಾಟು (ಮ್ಯುಟೇಷನ್) ಆದವರಲ್ಲಿ ಕಾವಲುಗಾರ ಸಣ್ಣ ಸದ್ದಿಗೂ ಕೂಗುತ್ತಾನೆ. ಆರ್ಮೇನಿಯನ್ನರಲ್ಲಿ ಸುಮಾರು ಐವರಲ್ಲಿ ಒಬ್ಬರು ತಿದ್ದುಪಾಟಾದ ಈ ವಂಶವಾಹಿಯ ಒಂದು ಪ್ರತಿಯನ್ನು ಹೊತ್ತಿರುತ್ತಾರೆ, ಆದರೂ ಅವರಲ್ಲಿ ಬಹುಪಾಲು ಜನ ಆರೋಗ್ಯವಾಗಿಯೇ ಇರುತ್ತಾರೆ. ತಂದೆ-ತಾಯಿ ಇಬ್ಬರಿಂದಲೂ ಬಂದಾಗಲೇ ಸಾಮಾನ್ಯವಾಗಿ ರೋಗ. ಆಮೇಲೂ ಎಲ್ಲರಲ್ಲಿ ಒಂದೇ ಬಗೆಯಲ್ಲ. 2007ರಲ್ಲಿ 14 ದೇಶಗಳ 2,482 ರೋಗಿಗಳನ್ನು ನೋಡಿದ ಅಧ್ಯಯನವೊಂದು, ಮೂತ್ರಪಿಂಡ ಕೆಡಿಸುವ ಅಮಿಲಾಯ್ಡ್ ತೊಡಕಿಗೆ ವಂಶವಾಹಿಯ ತಿದ್ದುಪಾಟಿಗಿಂತ ರೋಗಿ ಬದುಕುವ ದೇಶವೇ ದೊಡ್ಡ ಕಾರಣವೆಂದು ಕಂಡಿತು. ಅಂದರೆ ರಕ್ತದ ಜೊತೆಗೆ ಬದುಕಿನ ಸ್ಥಿತಿಯೂ ಸೇರಿ ರೋಗದ ಲೆಕ್ಕವಾಗುತ್ತದೆ.

ಇಷ್ಟು ಕೆಟ್ಟ ಗುಣ ಅಳಿಯದೆ ಉಳಿದದ್ದೇಕೆ ಎಂದು ಕೇಳಬಹುದು. 2020ರಲ್ಲಿ ಬಂದ ಸಂಶೋಧನೆಯ ಉತ್ತರ ಪ್ಲೇಗು: ಈ ತಿದ್ದುಪಾಟು ಪ್ಲೇಗಿನ ರೋಗಾಣುವಿನ ವಂಚನೆಗೆ ಸುಲಭವಾಗಿ ಸಿಕ್ಕದ ಪೈರಿನ್ ಕೊಟ್ಟಿತು. ಹಾಗಾದರೆ 1898ರ ಸುಮಾರಿಗೆ ಧಾರವಾಡ ಜಿಲ್ಲೆಯನ್ನು ಹಿಂಡಿದ ಪ್ಲೇಗು ನಮ್ಮಲ್ಲೂ ಇದನ್ನು ಬೆಳೆಸಬೇಕಿತ್ತಲ್ಲ? ಇಲ್ಲ. ತಿದ್ದುಪಾಟು ಮೊದಲು ಆಕಸ್ಮಿಕವಾಗಿ ಹುಟ್ಟಿರಬೇಕು, ಆಮೇಲೆ ಪ್ಲೇಗು ಅದನ್ನು ಅನೇಕ ತಲೆಮಾರು ಆಯ್ದು ಬೆಳೆಸಬೇಕು. ನಾಲ್ಕೈದು ತಲೆಮಾರು ಅದಕ್ಕೆ ಸಾಲದು.

ಇನ್ನೊಂದು ಆಕ್ಷೇಪ: ಹಾಗಾದರೆ ಸೋದರಿಕೆಯ ಮದುವೆಯಲ್ಲಿ ಏನೂ ದೋಷವಿಲ್ಲವೇ? ಇದೆ. ಮಾವನ ಮಗಳನ್ನು ತಂದರೆ ಒಂದೇ ಪೂರ್ವಜನ ವಂಶವಾಹಿ ಎರಡೂ ಕಡೆಯಿಂದ ಮಗುವಿಗೆ ಬರುವ ಸಂಭವ 16ರಲ್ಲಿ 1, ಅಕ್ಕನ ಮಗಳನ್ನಾದರೆ 8ರಲ್ಲಿ 1. ಸೋದರಿಕೆ ರೋಗವನ್ನು ಹುಟ್ಟಿಸುವುದಿಲ್ಲ, ಅಡಗಿದ್ದ ಎರಡನ್ನು ಒಂದುಗೂಡಿಸುತ್ತದೆ. ಆದ್ದರಿಂದ ಮನೆತನವನ್ನು ದೂರುವ ಬದಲು, ಒಂದೇ ಬಗೆಯ ಕಾಯಿಲೆ ಮರುಕಳಿಸಿದ ಮನೆಯವರು ಮದುವೆಗೆ ಮುಂಚೆ ತಜ್ಞರ ಸಲಹೆ ಪಡೆಯುವುದು ಸರಿ. ಇನ್ನು ರೋಗ ಬಂದರೂ ಮದ್ದುಂಟು: ನಮ್ಮ ಕುರುಚಲು ಕಾಡುಗಳ ಗೌರಿ ಹೂವಿನ ಬಳ್ಳಿಯಲ್ಲಿರುವ ಕೊಲ್ಚಿಸಿನ್ ಈ ಮೆಡಿಟರೇನಿಯನ್ ಜ್ವರವನ್ನು ತಡೆಯುತ್ತದೆ, ಆದರೆ ಗಡ್ಡೆಯನ್ನು ತಿಂದರೆ ಅದೇ ಕೊಲ್ಲುವ ವಿಷ. ವೈದ್ಯರು ಅಳೆದು ಕೊಟ್ಟ ಮಾತ್ರೆಯಿಂದ ಇಂದು ಬಹುತೇಕ ರೋಗಿಗಳು ಸಾಧಾರಣ ಬದುಕು ಬದುಕುತ್ತಾರೆ. ಇಂಥ ರೋಗಕ್ಕಾಗಿ ಒಂದು ಮನೆತನವನ್ನೇ ದೂರವಿಡುವುದಕ್ಕೆ ವಿಜ್ಞಾನದಲ್ಲಿ ಆಧಾರವಿಲ್ಲ.