ಮಾಂಸದ ತುಣುಕಿನಲ್ಲಿ ಹಕ್ಕಿಯ ಗುರುತು



ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಸೀಮೆಯ ಹೊಲಗಳಲ್ಲಿ ನವಿಲನ್ನು ಕಾಣದವರಿಲ್ಲ. 1963ರಿಂದ ಅದು ನಮ್ಮ ರಾಷ್ಟ್ರಪಕ್ಷಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದನ್ನು ಕೊಲ್ಲುವುದು ಅಪರಾಧ. ಆದರೆ ಗರಿ ಕಿತ್ತು, ತುಂಡರಿಸಿ, ಮಸಾಲೆಯೊಡನೆ ಬೇಯಿಸಿದ ಬಳಿಕ ಅದು ನವಿಲೋ ಕೋಳಿಯೋ ಎಂದು ನಿಶ್ಚಯವಾಗಿ ಹೇಳುವವರಾರು? ಪ್ರಾಣಿಶಾಸ್ತ್ರದಲ್ಲಿ ಅವೆರಡೂ ಒಂದೇ ಕುಟುಂಬದ ಹಕ್ಕಿಗಳು. ಇಲ್ಲಿ ಕಣ್ಣೂ ನಾಲಗೆಯೂ ಮೋಸಹೋಗಬಹುದು.

ಇದಕ್ಕೆ ಉತ್ತರವು ಹೈದರಾಬಾದಿನಲ್ಲಿಯೇ ದೊರೆತಿದೆ. ಅಲ್ಲಿ ಸಿ.ಸಿ.ಎಂ.ಬಿ. ಎಂದು ಪ್ರಸಿದ್ಧವಾದ ಜೀವವಿಜ್ಞಾನ ಕೇಂದ್ರದ ಎಸ್. ಕೆ. ವರ್ಮ ಮತ್ತು ಲಾಲ್‌ಜಿ ಸಿಂಗ್ ಅವರು, ಬಗೆಬಗೆಯ ಪ್ರಾಣಿಪಕ್ಷಿಗಳನ್ನು ಒಂದೇ ಕ್ರಮದಿಂದ ಗುರುತಿಸುವ ವಿಧಾನವನ್ನು 2003ರಲ್ಲಿ ಪ್ರಕಟಿಸಿದರು.

ಜೀವಕೋಶದೊಳಗಿನ ಡಿ.ಎನ್.ಎ. ಎಂಬುದು ನಾಲ್ಕೇ ಅಕ್ಷರಗಳಿಂದಾದ ಒಂದು ದೀರ್ಘ ಬರಹವಿದ್ದಂತೆ. ಮೈಟೋಕಾಂಡ್ರಿಯವೆಂಬ ಕಣಗಳಲ್ಲಿರುವ ಡಿ.ಎನ್.ಎ.ಗೆ ಒಂದೊಂದು ಕೋಶದಲ್ಲಿಯೂ ಅನೇಕ ಪ್ರತಿಗಳುಂಟು. ಆದಕಾರಣ ಬೆಂಕಿಯ ಕಾವಿಗೆ ಆ ಎಳೆಗಳು ಹರಿದರೂ ಓದಲು ಸಾಕಾಗುವಷ್ಟು ಚೂರುಗಳು ಸಾಮಾನ್ಯವಾಗಿ ಉಳಿದಿರುತ್ತವೆ. ಅಂಥ ಒಂದು ಚೂರನ್ನು ಪಿ.ಸಿ.ಆರ್. ಎಂಬ ಕ್ರಮದಿಂದ ಇಮ್ಮಡಿಸುತ್ತ ಹೋಗುತ್ತಾರೆ. ಒಂದು ಎರಡಾಗಿ, ಎರಡು ನಾಲ್ಕಾಗಿ, 20 ಸಲ ಇಮ್ಮಡಿಸಿದರೆ 10 ಲಕ್ಷವನ್ನು ಮೀರುತ್ತದೆ. ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಬಹುದು. ಅನಂತರ ಅಕ್ಷರಗಳ ಕ್ರಮವನ್ನು ಓದಿ, ಗೊತ್ತಿರುವ ಹಕ್ಕಿಗಳ ಕ್ರಮದೊಡನೆ ಹೋಲಿಸುತ್ತಾರೆ. ನವಿಲಾದರೆ ನವಿಲೆಂದೂ, ಕೋಳಿಯಾದರೆ ಕೋಳಿಯೆಂದೂ ತಿಳಿಯುತ್ತದೆ.

ಈ ಪರೀಕ್ಷೆ ಅಪರಾಧಿಯನ್ನು ಹಿಡಿಯುವುದಕ್ಕೆ ಮಾತ್ರವೆಂದು ಭಾವಿಸಬಾರದು. ಮನೆಯ ಕೋಳಿಯನ್ನು ಬೇಯಿಸಿಕೊಂಡ ಬಡವನ ಮೇಲೆ ಯಾರಾದರೂ ಹಗೆಯಿಂದ ದೂರಿತ್ತರೆ, ಅವನನ್ನು ಕಾಯುವುದೂ ಇದೇ. ಇದಕ್ಕೊಂದು ಮಿತಿಯೂ ಉಂಟು. ಮಾಂಸವು ಯಾವ ಹಕ್ಕಿಯದೆಂಬುದನ್ನು ಇದು ತಿಳಿಸೀತು, ಕೊಂದವರಾರೆಂಬುದನ್ನು ತಿಳಿಸಲಾರದು. ಅದಕ್ಕೆ ಸಾಕ್ಷಿ ಬೇಕು, ವಿಚಾರಣೆ ಬೇಕು. ಮಾದರಿಯನ್ನು ಮೊಹರು ಮಾಡಿ ಜೋಪಾನವಾಗಿ ಕಳುಹಿಸದಿದ್ದರೆ ಪ್ರಯೋಗಾಲಯದ ಶ್ರಮವೂ ವ್ಯರ್ಥ.

ರೈತ ಬಂಧುಗಳೇ, ಬಿತ್ತಿದ ಕಾಳನ್ನು ನವಿಲು ಹೆಕ್ಕಿದಾಗ ನಿಮಗಾಗುವ ಸಂಕಟ ಸುಳ್ಳಲ್ಲ. ಅದನ್ನು ಬೆದರಿಸಿ ಓಡಿಸಿರಿ, ವಿಷವಿಡಬೇಡಿರಿ, ಉರುಲೊಡ್ಡಬೇಡಿರಿ. ಮಕ್ಕಳೇ, ಕಂಡದ್ದನ್ನು ಪರೀಕ್ಷಿಸದೆ ನಂಬಬೇಡಿರಿ, ಊಹೆಯಿಂದ ಯಾರನ್ನೂ ದೂಷಿಸಬೇಡಿರಿ. ಮೂಕಪಕ್ಷಿಗೂ ನಿರಪರಾಧಿಗೂ ಒಂದೇ ಸಮನಾಗಿ ನ್ಯಾಯ ಒದಗಿಸುವುದೇ ವಿಜ್ಞಾನದ ಹಿರಿಮೆ. ಅಂಥ ವಿದ್ಯೆಯನ್ನು ನೀವೂ ಕಲಿತು ಈ ನಾಡಿಗೆ ಉಪಕಾರಿಗಳಾಗಿರಿ ಎಂದು ಹಾರೈಸುತ್ತೇನೆ.